ಸೈಕಲ್ಲಿಗೆ ಮೋಟಾರು: ಹಿರಿಯರು ಅರಿಯಬೇಕಾದುದು

ಕಾಯಕಕ್ಕೆ ಕಾಯವೇ ಮೊದಲ ಸಾಧನ. ಅರವತ್ತು ದಾಟಿದವರಿಗೆ ಮೊಣಕಾಲಿನ ನೋವು ಬರಿಯ ನೋವಾಗಿ ಉಳಿಯುವುದಿಲ್ಲ. ಮಠದ ದರ್ಶನ, ಮಾರುಕಟ್ಟೆ, ಬಂಧುಗಳ ಮನೆ, ಬೆಳಗಿನ ಕೆರೆಯಂಗಳದ ಸುತ್ತಾಟ ಒಂದೊಂದಾಗಿ ಕೈಬಿಟ್ಟುಹೋಗುತ್ತವೆ. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದ ಭಾಗಗಳಲ್ಲಿ ಒಂದು ಕಾಲಕ್ಕೆ ಕಾರ್ಖಾನೆಗೂ ಮಾರುಕಟ್ಟೆ ಪ್ರಾಂಗಣಕ್ಕೂ ಸೈಕಲ್ ತುಳಿದೇ ಹೋಗುತ್ತಿದ್ದ ಅನೇಕ ಹಿರಿಯರು ಇಂದು ಅದನ್ನು ಗೋಡೆಗೆ ಒರಗಿಸಿದ್ದಾರೆ. "ಡಾಕ್ಟ್ರೇ, ಅದಕ್ಕೊಂದು ಸಣ್ಣ ಮೋಟಾರು ಹಾಕಿಸಿದರೆ ಆದೀತೆ?" ಎಂಬ ಪ್ರಶ್ನೆ ಈಗ ಚಿಕಿತ್ಸಾಲಯದಲ್ಲಿಯೂ ಕೇಳಿಬರುತ್ತಿದೆ. ಆದೀತು, ಆದರೆ ಮೋಟಾರಿಗಿಂತ ಮೊದಲು ಸೈಕಲ್ಲನ್ನೂ, ಸೈಕಲ್ಲಿಗಿಂತ ಮೊದಲು ದೇಹವನ್ನೂ ಪರೀಕ್ಷಿಸಬೇಕು.

ಅರ್ಧಶಕ್ತಿಯ ಸೂತ್ರ

ವ್ಯಾಯಾಮವನ್ನು ಅರ್ಧಶಕ್ತಿಯಷ್ಟೇ ಮಾಡಬೇಕೆಂಬುದು ಆಯುರ್ವೇದದ ವಿಧಿ. ಹಣೆ, ಮೂಗು, ಕೀಲುಗಳಲ್ಲಿ ಬೆವರು ಮೂಡಿದಾಗ, ಬಾಯಿ ಒಣಗಿ ಉಸಿರು ಬಾಯಿಂದ ಬರತೊಡಗಿದಾಗ ಅರ್ಧಶಕ್ತಿ ವ್ಯಯವಾಯಿತೆಂದು ತಿಳಿಯಬೇಕು. ಚಳಿಗಾಲ ಮತ್ತು ವಸಂತದಲ್ಲಿ ಇಷ್ಟು ವ್ಯಾಯಾಮ ಹಿತಕರ. ಬೇರೆ ಋತುಗಳಲ್ಲಿ ಇನ್ನೂ ಮಂದವಾಗಿರಬೇಕು. ಮಿತಿ ಮೀರಿದರೆ ವಾತ ಪ್ರಕೋಪಗೊಂಡು ಸಂಧಿಗಳು ಸವೆಯುತ್ತವೆ. ವ್ಯಾಯಾಮವನ್ನು ಪೂರ್ಣವಾಗಿ ಬಿಟ್ಟರೆ ತೊಡೆಯ ಮಾಂಸಖಂಡ ಸೊರಗಿ, ಅದರ ಆಧಾರವಿಲ್ಲದೆ ಮೊಣಕಾಲು ಮತ್ತಷ್ಟು ಕೆಡುತ್ತದೆ.

ಸಮತಟ್ಟಾದ ರಸ್ತೆಯಲ್ಲಿ ಸೈಕಲ್ ತುಳಿಯುವುದು ಮೊಣಕಾಲಿಗೆ ಸೌಮ್ಯವಾದ ವ್ಯಾಯಾಮ. ದೇಹದ ಭಾರವನ್ನು ಸೀಟು ಹೊರುತ್ತದೆ. ಕಷ್ಟವಾಗುವುದು ಎರಡೇ ಕಡೆ: ನಿಂತಲ್ಲಿಂದ ಹೊರಡುವಾಗ ಮತ್ತು ಏರು ಹತ್ತುವಾಗ. ಹೆಬ್ಬಾಳದ ಕೆರೆಯ ತಗ್ಗಿನಿಂದ ಆರ್.ಟಿ. ನಗರದತ್ತ ಹೊರಟವರಿಗೆ ಇದರ ಅನುಭವವಿದೆ. ಆ ಎರಡು ಸಂದರ್ಭಗಳಲ್ಲಿ ಮೋಟಾರು ನೆರವಿಗೆ ಬಂದು, ಉಳಿದ ದಾರಿಯಲ್ಲಿ ಕಾಲು ತನ್ನ ಕೆಲಸ ತಾನು ಮಾಡುವಂತಿದ್ದರೆ ಅದು ಔಷಧಿಗೆ ಸಮಾನ.

ಪೆಡಲಿಗೆ ಒಲಿಯುವ ಮೋಟಾರು

ಮೋಟಾರಿನ ಕಿಟ್‌ಗಳಲ್ಲಿ ಎರಡು ಬಗೆ. ಒಂದು, ಸ್ಕೂಟರಿನಂತೆ ಹಿಡಿಕೆ ತಿರುವಿದರೆ ಓಡುವಂಥದು. ಇನ್ನೊಂದು, ಪೆಡಲ್ ತುಳಿದಾಗ ಮಾತ್ರ ನೆರವಾಗುವಂಥದು. ಹಿರಿಯರು ಎರಡನೆಯದನ್ನೇ ಆರಿಸಿಕೊಳ್ಳಬೇಕು. ನಮ್ಮ ನಾಡಿನಲ್ಲಿ 1972ರಲ್ಲಿ ಬಂದ ಲೂನಾಕ್ಕೂ, 1980ರಲ್ಲಿ ಹೊಸೂರಿನಿಂದ ಹೊರಬಂದ ಟಿ.ವಿ.ಎಸ್. 50ಕ್ಕೂ ಪೆಡಲುಗಳಿದ್ದವು. ಆದರೆ ಗಾಡಿ ಚಾಲೂ ಮಾಡಿದ ಮೇಲೆ ಅವನ್ನು ತುಳಿದವರು ವಿರಳ. ಹಿಡಿಕೆ ಕೈಯಲ್ಲಿದ್ದರೆ ಕಾಲು ಸೋಮಾರಿಯಾಗುವುದು ಸಹಜ.

ಕಾನೂನಿನ ಮಾತೂ ಇಲ್ಲಿ ಮುಖ್ಯ. ಕೇಂದ್ರ ಮೋಟಾರು ವಾಹನ ನಿಯಮಗಳು (1989) ಪೆಡಲ್ ಸೈಕಲ್ಲಿನ ಸಹಾಯಕ ಮೋಟಾರಿಗೆ ಮಿತಿಗಳನ್ನು ಹಾಕಿವೆ. ಅದರ ಶಕ್ತಿ 250 ವಾಟ್‌ಗಿಂತ ಕಡಿಮೆಯಿರಬೇಕು. ವೇಗ ಗಂಟೆಗೆ 25 ಕಿ.ಮೀ. ತಲುಪಿದಾಗ ಅಥವಾ ತುಳಿಯುವುದನ್ನು ನಿಲ್ಲಿಸಿದಾಗ ನೆರವು ನಿಲ್ಲಬೇಕು. ತಕ್ಕ ಬ್ರೇಕುಗಳೂ, ಮುಂದೆ ಬಿಳಿ ಹಿಂದೆ ಕೆಂಪು ಪ್ರತಿಫಲಕಗಳೂ ಇರಬೇಕು. ಅಂಗಡಿಗಳಲ್ಲಿ 350 ವಾಟ್ ಮತ್ತು ಅದಕ್ಕೂ ಮೀರಿದ ಕಿಟ್‌ಗಳು ಸಿಗುತ್ತವೆ. ಅಂಥದನ್ನು ಜೋಡಿಸಿದರೆ ಸೈಕಲ್ಲು ಕಾನೂನಿನ ಕಣ್ಣಿನಲ್ಲಿ ಮೋಟಾರು ವಾಹನವಾಗಿಬಿಡಬಹುದು. ಆಗ ನೋಂದಣಿ, ಪರವಾನಗಿ, ವಿಮೆಯ ತೊಡಕು ತಪ್ಪದು. ಕಿಟ್‌ಗೆ ಅಧಿಕೃತ ಪರೀಕ್ಷಾ ಸಂಸ್ಥೆಯ ಮಾನ್ಯತೆ ಇದೆಯೇ ಎಂದು ಕೇಳಿ ತಿಳಿಯುವುದು ಲೇಸು.

ಸೈಕಲ್ಲಿನ ಆಯ್ಕೆ

ಮೊದಲು ನೋಡಬೇಕಾದುದು ಬ್ರೇಕ್. ವೇಗ ಗಂಟೆಗೆ 12 ಕಿ.ಮೀ.ಯಿಂದ 24ಕ್ಕೆ ಇಮ್ಮಡಿಯಾದರೆ, ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ಸುಮಾರು ನಾಲ್ಕು ಮಡಿಯಾಗುತ್ತದೆ. ಜೊತೆಗೆ ಮೋಟಾರು ಮತ್ತು ಬ್ಯಾಟರಿಯ ಆರೇಳು ಕಿಲೋ ಭಾರ ಕೂಡಿಕೊಳ್ಳುತ್ತದೆ. ಹಾಲಿನ ಕ್ಯಾನು ಹೊತ್ತು ದುಡಿದ ಹಳೆಯ ಕಪ್ಪು ಸೈಕಲ್ಲಿನ ಉಕ್ಕಿನ ಫ್ರೇಮ್ ಗಟ್ಟಿಯೇ ಸರಿ. ಆದರೆ ಅದರ ಕಂಬಿ ಬ್ರೇಕು ಮಳೆಯಲ್ಲಿ ಜಾರುತ್ತದೆ. ವಿ-ಬ್ರೇಕ್ ಅಥವಾ ಡಿಸ್ಕ್ ಬ್ರೇಕ್ ಇರುವ ಸೈಕಲ್ಲೇ ತಕ್ಕದ್ದು. ಬ್ರೇಕ್ ಹಿಡಿದೊಡನೆ ಮೋಟಾರು ನಿಲ್ಲುವ ಸ್ವಿಚ್ಚು ಕಿಟ್‌ನಲ್ಲಿ ಇರಲೇಬೇಕು.

ಎರಡನೆಯದು ಲೋಹ. ಮೋಟಾರು ತಿರುಗುವಾಗ ಅದರ ಅಚ್ಚು ತನ್ನನ್ನು ಹಿಡಿದಿರುವ ಸೀಳನ್ನು ಅಗಲಿಸಲು ಯತ್ನಿಸುತ್ತದೆ. ಉಕ್ಕು ಅದನ್ನು ತಾಳಬಲ್ಲದು. ಅಲ್ಯೂಮಿನಿಯಂ ಫೋರ್ಕ್ ಹಠಾತ್ತನೆ ಮುರಿಯುವ ಭಯವಿದೆ. ಸ್ಪ್ರಿಂಗ್ ಇರುವ ಮುಂದಿನ ಫೋರ್ಕಿಗೆ ಮೋಟಾರು ಬೇಡ. ಒದ್ದೆ ರಸ್ತೆಯಲ್ಲಿ, ಮರಳಿನಲ್ಲಿ ಮುಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳುವುದು ಕಷ್ಟವಾದುದರಿಂದ ಹಿರಿಯರಿಗೆ ಹಿಂದಿನ ಚಕ್ರದ ಮೋಟಾರೇ ಕ್ಷೇಮ. ಅಚ್ಚು ತಿರುಗದಂತೆ ಹಿಡಿಯುವ ಉಕ್ಕಿನ ಪಟ್ಟಿಯನ್ನು ಹಾಕಿಸಲು ಮರೆಯಬಾರದು.

ಮೂರನೆಯದು ಅಳತೆ. ಹಿಂದಿನ ಚಕ್ರದ ಕಿಟ್‌ಗಳು ಸಾಮಾನ್ಯವಾಗಿ 135 ಮಿ.ಮೀ. ಅಂತರಕ್ಕೆ ತಯಾರಾಗಿರುತ್ತವೆ, ಗೇರ್ ಸೈಕಲ್‌ಗಳಲ್ಲಿ ಈ ಅಂತರ ದೊರೆಯುತ್ತದೆ. ಹಳೆಯ ಸೈಕಲ್‌ಗಳಲ್ಲಿ ಅದು ಕಡಿಮೆ. ಬಲವಂತದಿಂದ ಫ್ರೇಮ್ ಹಿಗ್ಗಿಸುವ ಬದಲು, ಕೊಳ್ಳುವ ಮುನ್ನವೇ ಅಳೆದು ನೋಡಬೇಕು.

ನಾಲ್ಕನೆಯದು ದೇಹಕ್ಕೆ ಹೊಂದಿಕೆ. ಕಾಲನ್ನು ಎತ್ತಿ ಹಿಂದಿನಿಂದ ಹಾಯಿಸಿ ಹತ್ತುವಾಗ ಬೀಳುವವರೇ ಹೆಚ್ಚು. ಆದುದರಿಂದ ಗಂಡಸರಿಗೂ ನಡುಕಂಬಿ ತಗ್ಗಿದ ಫ್ರೇಮ್ ಉತ್ತಮ. ಪಂಚೆ, ಸೀರೆಗೂ ಅನುಕೂಲ. ಅದರಲ್ಲಿ ಬ್ಯಾಟರಿಗೆ ನಡುವೆ ಜಾಗವಿರದು. ಹಿಂದಿನ ಕ್ಯಾರಿಯರ್ ಮೇಲೆ ಭದ್ರವಾಗಿ ಕೂರಿಸಬೇಕು. ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟಾಗ ಕಾಲು ನೇರವಾಗುವಷ್ಟು ಸೀಟು ಎತ್ತರವಿರಲಿ. ಸೀಟು ತೀರ ಕೆಳಗಿದ್ದರೆ ಮೊಣಚಿಪ್ಪಿನ ಮೇಲೆ ಒತ್ತಡ ಹೆಚ್ಚುತ್ತದೆ. ಆ ಎತ್ತರದಲ್ಲಿ ಕಾಲ್ಬೆರಳುಗಳೂ ನೆಲಕ್ಕೆ ತಾಗದಿದ್ದರೆ ಸೈಕಲ್ಲೇ ದೊಡ್ಡದೆಂದು ತಿಳಿಯಬೇಕು.

2006ರಿಂದ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ನೀಡಿದ ಸೈಕಲ್‌ಗಳು ಊರಿನ ಅನೇಕ ಮನೆಗಳಲ್ಲಿ ಉಳಿದಿವೆ. ಹೆಣ್ಣುಮಕ್ಕಳ ಸೈಕಲ್ಲಿನ ತಗ್ಗಿದ ಫ್ರೇಮ್ ಹಿರಿಯರಿಗೆ ಆಕರ್ಷಕವೇ. ಆದರೆ ಅವು ಮಕ್ಕಳ ಭಾರಕ್ಕೆ, ಕಾಲಿನ ವೇಗಕ್ಕೆ ಮಾಡಿದವು. ಬೆಸುಗೆಯಲ್ಲಿ ತುಕ್ಕು ಹಿಡಿದಿದ್ದರೆ, ಕಡ್ಡಿಗಳು ಸಡಿಲಗೊಂಡಿದ್ದರೆ ಅದಕ್ಕೆ ಹಣ ಸುರಿಯಬಾರದು.

ಬ್ಯಾಟರಿಯ ಜಾಗ್ರತೆ

36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 360 ವಾಟ್-ಅವರ್ ಶಕ್ತಿಯಿರುತ್ತದೆ. ಪೆಡಲ್ ತುಳಿಯುತ್ತ ಸಾಗಿದರೆ ಕಿ.ಮೀ.ಗೆ ಸುಮಾರು 12 ವಾಟ್-ಅವರ್ ಸಾಕಾಗಿ, 30 ಕಿ.ಮೀ. ದೊರೆಯುತ್ತದೆ. ಯಲಹಂಕದಿಂದ ಹೆಬ್ಬಾಳಕ್ಕೆ ಹೋಗಿಬರಲು ಇದು ಧಾರಾಳ. ಲೀಥಿಯಂ ಬ್ಯಾಟರಿಯನ್ನು ರಾತ್ರಿಯೆಲ್ಲ ಚಾರ್ಜಿಗೆ ಹಾಕಿ ಮಲಗಬಾರದು. ಮನೆಯ ಬಾಗಿಲ ದಾರಿಯಲ್ಲಿ ಚಾರ್ಜ್ ಮಾಡಬಾರದು. ಬಿದ್ದು ಜಖಂಗೊಂಡ, ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು.

ಯಾರಿಗೆ ಬೇಡ?

ತಲೆಸುತ್ತು, ಸಮತೋಲನದ ತೊಂದರೆ, ಚಿಕಿತ್ಸೆಯಾಗದ ಕಣ್ಣಿನ ಪೊರೆ ಇರುವವರು ಸೈಕಲ್ ಏರಬಾರದು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ಇನ್ಸುಲಿನ್ ತೆಗೆದುಕೊಳ್ಳುವವರು ತಮ್ಮ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ರಕ್ತ ತೆಳುವಾಗಿರುವವರ ತಲೆಗೆ ಬಿದ್ದ ಸಣ್ಣ ಪೆಟ್ಟೂ ಒಳಗೆ ರಕ್ತಸ್ರಾವ ಉಂಟುಮಾಡಬಲ್ಲದು. ಹೆಲ್ಮೆಟ್ ಎಲ್ಲರಿಗೂ ಕಡ್ಡಾಯವೆಂದೇ ಭಾವಿಸಿರಿ.

ಮೊದಲ ಹದಿನೈದು ದಿನ ವಾಹನವಿಲ್ಲದ ಬಯಲಿನಲ್ಲಿ, ಅತಿ ಕಡಿಮೆ ನೆರವಿನ ಹಂತದಲ್ಲಿ ಅಭ್ಯಾಸ ಮಾಡಿರಿ. ಸಿಗ್ನಲ್ಲಿನಲ್ಲಿ ನಿಂತಾಗ ಬ್ರೇಕ್ ಹಿಡಿದೇ ಇರಬೇಕು. ಪೆಡಲ್ ಕೊಂಚ ತಿರುಗಿದರೂ ಕೆಲವು ಕಿಟ್‌ಗಳು ಮುಂದಕ್ಕೆ ನುಗ್ಗುತ್ತವೆ. ವಿಮಾನ ನಿಲ್ದಾಣದತ್ತ ವಾಹನಗಳು ಧಾವಿಸುವ ಬಳ್ಳಾರಿ ರಸ್ತೆಯನ್ನು ಬಿಟ್ಟು ಸಹಕಾರನಗರ, ಕೊಡಿಗೇಹಳ್ಳಿಯ ಒಳದಾರಿಗಳನ್ನು ಹಿಡಿಯಿರಿ. ಬೆಳಗಿನ ಇಷ್ಟಲಿಂಗ ಪೂಜೆ ಮುಗಿಸಿ, ಊಟೋಪಹಾರಕ್ಕೆ ಮುನ್ನ, ಮೊಣಕಾಲಿಗೆ ಬೆಚ್ಚಗಿನ ಎಳ್ಳೆಣ್ಣೆ ಸವರಿಕೊಂಡು ಹೊರಡುವುದು ಹಿತ. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆಯಲ್ಲಿರುವವರು ಮಾತ್ರ ಬರಿಹೊಟ್ಟೆಯಲ್ಲಿ ಹೋಗಬಾರದು. ಮನೆಗೆ ಮರಳಿದಾಗ ಹಣೆಯಲ್ಲಿ ತೆಳುವಾದ ಬೆವರು ಇರಲಿ. ಅದೂ ಇಲ್ಲದಿದ್ದರೆ ಮೋಟಾರಿನ ನೆರವನ್ನು ಒಂದು ಹಂತ ಇಳಿಸಿರಿ. ಏದುಸಿರು ಬಂದಿದ್ದರೆ ಒಂದು ಹಂತ ಏರಿಸಿರಿ.