ಗ್ರೀಕ್ ಪುರಾಣವೂ ನವೀನ ಪ್ರಣಯಕಾದಂಬರಿಗಳೂ

ಗ್ರೀಕರ ಪುರಾಣಕಥೆಗಳನ್ನು ಪ್ರಣಯಕಾದಂಬರಿಗಳನ್ನಾಗಿ ಬರೆಯುವ ಪದ್ಧತಿಯು ಈಚೆಗೆ ಆಂಗ್ಲಭಾಷೆಯಲ್ಲಿ ಬಹಳವಾಗಿ ಬೆಳೆದಿರುವುದು. ಅವುಗಳಲ್ಲಿ ಪಾತಾಳಾಧಿಪತಿಯಾದ ಹೇಡೀಸನ ಮತ್ತು ಧಾನ್ಯದೇವತೆಯಾದ ಡಿಮೀಟರಳ ಮಗಳು ಪರ್ಸೆಫೊನಿಯ ಕಥೆಗೆ ವಿಶೇಷ ಮನ್ನಣೆ. ಮಕ್ಕಳ ಕೈಯಲ್ಲಿ ಇಂತಹ ಪುಸ್ತಕವನ್ನು ಕಾಣುವ ಹಿರಿಯರು ಮೂಲಕಥೆಯನ್ನೂ ತಿಳಿದಿರುವುದು ಲೇಸೆಂದು ನಾವು ಭಾವಿಸುತ್ತೇವೆ.

ಹೋಮರನ ಹೆಸರಿನಲ್ಲಿ ಪ್ರಚಲಿತವಾಗಿರುವ ಡಿಮೀಟರ್ ಸ್ತೋತ್ರದಲ್ಲಿ, ಹೂ ಕೊಯ್ಯುತ್ತಿದ್ದ ಕನ್ಯೆಯನ್ನು ಹೇಡೀಸನು ಬಲಾತ್ಕಾರದಿಂದ ರಥದಲ್ಲಿ ಕೊಂಡೊಯ್ಯುವನು. ತಂದೆಯಾದ ಝ್ಯೂಸನೇ ಇದಕ್ಕೆ ಒಪ್ಪಿದ್ದನು. ತಾಯಿಗಾಗಲಿ ಮಗಳಿಗಾಗಲಿ ಸುದ್ದಿಯೇ ಇಲ್ಲ. ನಮ್ಮ ಸ್ಮೃತಿಕಾರರ ಮಾತಿನಲ್ಲಿ ಹೇಳುವುದಾದರೆ ಇದು ರಾಕ್ಷಸವಿವಾಹ. ಡಿಮೀಟರಳು ಒಂಬತ್ತು ದಿನ ಅನ್ನಪಾನಗಳನ್ನು ತೊರೆದು, ಪಂಜು ಹಿಡಿದು ಅಲೆಯುವಳು. ನಡೆದುದನ್ನು ಕಂಡಿದ್ದ ಸೂರ್ಯನು ನಿಜವನ್ನು ತಿಳಿಸಿ, ವರನೇನೂ ಅಯೋಗ್ಯನಲ್ಲವೆಂದು ಸಮಾಧಾನವನ್ನೂ ಹೇಳುವನು! (ಇಂತಹ ಸಮಾಧಾನ ಹೇಳುವ ಬಂಧುಗಳು ಎಲ್ಲ ದೇಶಗಳಲ್ಲಿಯೂ ಉಂಟು.) ತಾಯಿ ಒಪ್ಪಲಿಲ್ಲ. ಬಿತ್ತಿದ ಬೀಜ ಮೊಳೆಯದಂತೆ ಮಾಡಿದಳು. ಮನುಷ್ಯಕುಲವೇ ಹಸಿವಿನಿಂದ ಅಳಿದು, ದೇವತೆಗಳಿಗೆ ಹವಿಸ್ಸು ತಪ್ಪುವ ಕಾಲ ಬಂದಾಗ ಝ್ಯೂಸನು ಮಣಿದನು. ಆದರೆ ಹೇಡೀಸನು ಗುಟ್ಟಾಗಿ ತಿನ್ನಿಸಿದ್ದ ಒಂದು ದಾಳಿಂಬೆಯ ಕಾಳಿನ ದೆಸೆಯಿಂದ, ಮಗಳು ವರ್ಷದ ಮೂರರಲ್ಲೊಂದು ಭಾಗ ಪಾತಾಳದಲ್ಲಿಯೇ ಇರಬೇಕಾಯಿತು.

ನವೀನ ಲೇಖಕಿಯರು ಈ ರಾಕ್ಷಸವನ್ನು ಗಾಂಧರ್ವವನ್ನಾಗಿ ಮಾಡಿರುವರು. ಸ್ಕಾರ್ಲೆಟ್ ಸೇಂಟ್ ಕ್ಲೇರ್ ಎಂಬವರು 2019ರಲ್ಲಿ ಪ್ರಕಟಿಸಿದ ‘ಎ ಟಚ್ ಆಫ್ ಡಾರ್ಕ್‌ನೆಸ್’ ಕಾದಂಬರಿಯಲ್ಲಿ ಪರ್ಸೆಫೊನಿಯು ಪತ್ರಿಕೋದ್ಯಮದ ವಿದ್ಯಾರ್ಥಿನಿ. ಹೇಡೀಸನಿಗೆ ತಾನಾಗಿಯೇ ಒಲಿಯುವಳು. ಅಂದು ಯಾರೂ ಕೇಳದಿದ್ದ ಕನ್ಯೆಯ ಸಮ್ಮತಿಯನ್ನು ಇಂದಿನವರು ಕೇಳಿದುದು ನ್ಯಾಯವೇ ಸರಿ. ಆದರೆ ನಾಯಕನನ್ನು ನಿರ್ದೋಷಿಯನ್ನಾಗಿ ಮಾಡುವ ಭರದಲ್ಲಿ ಅಪರಾಧವು ತಾಯಿಯ ತಲೆಗೆ ಬಂದಿರುವುದು. ಇಲ್ಲಿ ಡಿಮೀಟರಳು ಮಗಳನ್ನು ಗಾಜಿನ ಮನೆಯಲ್ಲಿ ಕೂಡಿಹಾಕಿ ಬೆಳೆಸಿದವಳು. ಪಂಜು ಹಿಡಿದು ಅಲೆದ ಆ ತಾಯಿ ಎಲ್ಲಿ ಹೋದಳು?

ಮೂಲವನ್ನು ಮಾರ್ಪಡಿಸಬಾರದೆಂಬುದು ನಮ್ಮ ವಾದವಲ್ಲ. ಕಾಳಿದಾಸನೂ ದುಷ್ಯಂತನ ಕಳಂಕವನ್ನು ತೊಳೆಯಲು ಭಾರತದ ಕಥೆಗೆ ದೂರ್ವಾಸರ ಶಾಪವನ್ನು ಸೇರಿಸಿದನು. ಅದಕ್ಕಾಗಿ ಕಣ್ವರನ್ನು ಕಿರಿದು ಮಾಡಲಿಲ್ಲ; ಸಾಕುಮಗಳನ್ನು ಬೀಳ್ಕೊಡುವ ಆ ತಪಸ್ವಿಯ ದುಃಖಕ್ಕೆ ನಾಲ್ಕನೆಯ ಅಂಕದಲ್ಲಿ ತಕ್ಕ ಸ್ಥಳವನ್ನೇ ಕೊಟ್ಟನು.

ಹೊಸಬರಲ್ಲಿಯೂ ಇದನ್ನು ಬಲ್ಲವರಿಲ್ಲದಿಲ್ಲ. ಮ್ಯಾಡೆಲಿನ್ ಮಿಲ್ಲರ್ ಅವರ ‘ಸರ್ಸಿ’ಯನ್ನು (2018) ಮನೆಮಂದಿಗೆ ನಾವು ಧೈರ್ಯವಾಗಿ ಹೇಳಬಲ್ಲೆವು, ಕೆಲವು ಕ್ರೂರ ಪ್ರಸಂಗಗಳಿರುವುದರಿಂದ ಎಳೆಯರಿಗೆ ಮಾತ್ರ ಬೇಡ. ಅದರಲ್ಲಿ ನಾಯಕಿಯು ಅಥೀನಾದೇವಿಯ ಕೋಪದಿಂದ ಮಗನನ್ನು ಕಾಯಲು ದ್ವೀಪದ ಸುತ್ತಲೂ ಮಂತ್ರದ ಕಟ್ಟು ಹಾಕುವಳು. ಮಗನು ಬೆಳೆದು ತಂದೆಯನ್ನು ನೋಡಬೇಕೆಂದು ಹಠ ಹಿಡಿದಾಗ, ಅವಳೇ ಸಮುದ್ರದ ತಳಕ್ಕೆ ಇಳಿದು ಅವನಿಗೊಂದು ರಕ್ಷಣೆಯ ಆಯುಧವನ್ನು ತಂದುಕೊಟ್ಟು, ಹಡಗನ್ನೇರಲು ಬಿಡುವಳು.