ವೃಷಭಾವತಿಯ ಉಸಿರು

ಬೆಂಗಳೂರು ನಗರವು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯೊಂದರ ಮೇಲೆ ನೆಲೆಸಿದೆ. ದಿಣ್ಣೆಯ ಪಶ್ಚಿಮ ಪಾರ್ಶ್ವದಲ್ಲಿ ಬಿದ್ದ ಮಳೆನೀರು ಅರ್ಕಾವತಿಯತ್ತಲೂ, ಪೂರ್ವ ಪಾರ್ಶ್ವದಲ್ಲಿ ಬಿದ್ದದ್ದು ದಕ್ಷಿಣ ಪಿನಾಕಿನಿಯತ್ತಲೂ ಹರಿಯುತ್ತದೆ. ಪಶ್ಚಿಮದ ಇಳಿಜಾರಿನಲ್ಲಿ ಹುಟ್ಟುವ ಕಿರುಹೊಳೆಗಳಲ್ಲೊಂದು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಅದು ಜನಿಸಿತೆಂಬುದು ಜನರ ನಂಬಿಕೆ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಬಳಿ ಸಾಗಿ, ಬಿಡದಿಯ ಸಮೀಪದ ಬೈರಮಂಗಲವನ್ನು ಹಾದು, ಹೊಳೆಯು ಅರ್ಕಾವತಿಯಲ್ಲಿ ಬೆರೆಯುತ್ತದೆ. ಅರ್ಕಾವತಿಯು ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ.

ಇಷ್ಟು ಚಿಕ್ಕ ಹೊಳೆಯು ಕಡುಬೇಸಗೆಯಲ್ಲಿ ಬತ್ತಬೇಕಲ್ಲವೆ? ಆದರೆ ಬತ್ತುವುದಿಲ್ಲ. ಇದಕ್ಕೆ ಕಾರಣವೇನು? 1974ರಿಂದ ಬೆಂಗಳೂರಿಗೆ ಕಾವೇರಿಯ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ ಎತ್ತಿ ತರಲಾಗುತ್ತಿದೆ. ಗುರುತ್ವಾಕರ್ಷಣೆಯನ್ನು ಎದುರಿಸಿ ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೇರಿಸಲು ಕನಿಷ್ಠಪಕ್ಷ 1.36 ಯೂನಿಟ್ ವಿದ್ಯುತ್ತು ಬೇಕೆಂದು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ಮನೆಗಳಲ್ಲಿ ಬಳಕೆಯಾದ ಈ ನೀರಿನ ಒಂದು ಪಾಲು ವೃಷಭಾವತಿಯ ಮೂಲಕ ಮರಳಿ ಕಾವೇರಿಗೆ ಇಳಿಯುತ್ತದೆ. ಬೇಸಗೆಯ ಹರಿವು ಮಳೆಯದಲ್ಲ, ನಮ್ಮ ಬಚ್ಚಲುಗಳದು.

ಹರಿಯುವ ನೀರು ತನ್ನನ್ನು ತಾನೇ ಶುದ್ಧಿಗೊಳಿಸಿಕೊಳ್ಳುತ್ತದೆಂಬ ಮಾತು ಸುಳ್ಳಲ್ಲ. ಆದರೆ ಅದಕ್ಕೊಂದು ಮಿತಿಯುಂಟು. ಕೊಳೆಯನ್ನು ತಿಂದು ಕರಗಿಸುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಬೇಕು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು ಮಾತ್ರ ಕರಗಿಸಿಕೊಳ್ಳಬಲ್ಲುದು; ಬೆಂಗಳೂರಿನ ಎತ್ತರದಲ್ಲಿ ವಾಯುಭಾರ ಕಡಮೆಯಾದುದರಿಂದ ಇನ್ನೂ ಸ್ವಲ್ಪ ಕಡಮೆ. ಒಂದು ಲೀಟರ್ ಹಸಿ ಚರಂಡಿ ನೀರು ಬೇಡುವುದಾದರೋ ಸುಮಾರು 200 ಮಿಲಿಗ್ರಾಂ! ಗಾಳಿಯಿಂದ ನೀರಿಗೆ ಆಮ್ಲಜನಕವು ನಿಧಾನವಾಗಿ ಇಳಿಯುವುದರಿಂದ ಆದಾಯಕ್ಕಿಂತ ವೆಚ್ಚವೇ ಹೆಚ್ಚಾಗುತ್ತದೆ.

ಆಮ್ಲಜನಕ ತೀರಿದೊಡನೆ ಅದಿಲ್ಲದೆಯೇ ಬಾಳುವ ಬೇರೆ ಜೀವಾಣುಗಳು ಕಾರ್ಯಾರಂಭ ಮಾಡುತ್ತವೆ. ಅವು ಹೊರಸೂಸುವ ಹೈಡ್ರೋಜನ್ ಸಲ್ಫೈಡ್ ಅನಿಲವೇ ಕೊಳೆತ ಮೊಟ್ಟೆಯ ದುರ್ಗಂಧಕ್ಕೆ ಕಾರಣ. ಮೀನುಗಳು ಅಳಿದರೂ, ಹೀಮೋಗ್ಲೋಬಿನ್ನಿನ ನೆರವಿನಿಂದ ಅಲ್ಪಸ್ವಲ್ಪ ಆಮ್ಲಜನಕವನ್ನೂ ಹಿಡಿದಿಡಬಲ್ಲ ಕೆಂಪು ಹುಳುಗಳು ಇಂತಹ ಕೆಸರಿನಲ್ಲಿ ಉಳಿಯುತ್ತವೆ. ಸಾಬೂನುಪುಡಿಗಳು ನೀರಿನ ಮೇಲ್ಮೈ ಸೆಳೆತವನ್ನು ತಗ್ಗಿಸುವುದರಿಂದ, ನೀರು ಧುಮ್ಮಿಕ್ಕಿದೆಡೆಯಲ್ಲೆಲ್ಲ ನೊರೆ ಎದ್ದು ಬಹುಕಾಲ ನಿಲ್ಲುತ್ತದೆ. ಬೈರಮಂಗಲದ ಸುತ್ತಲಿನ ರೈತರು ಇದೇ ನೀರನ್ನು ನಂಬಿ ಬೆಳೆ ತೆಗೆದಿದ್ದಾರೆ. ಆ ಬೆಳೆಯನ್ನು ಉಣ್ಣುವವರು ನಾವು.

ಹಾಗಾದರೆ ಈ ಹೊಳೆಯು ಸತ್ತಿದೆಯೆ? ಇಲ್ಲ, ಅದಕ್ಕೆ ಉಸಿರುಗಟ್ಟಿದೆ, ಅಷ್ಟೆ. ಶುದ್ಧೀಕರಣ ಸ್ಥಾವರಗಳು ಕಣಿವೆಯಲ್ಲಿವೆ. ಅವುಗಳನ್ನು ತಪ್ಪಿಸಿ ಮಳೆಗಾಲುವೆಗಳಿಗೆ ನುಸುಳುವ ಕೊಳಚೆಯನ್ನು ತಡೆದಲ್ಲಿ ಆಮ್ಲಜನಕದ ಬೇಡಿಕೆ ಇಳಿಯುತ್ತದೆ. ಬೇಡಿಕೆಯು ಪೂರೈಕೆಗಿಂತ ಕಡಮೆಯಾದಂದು ಗಾಳಿ, ಬಿಸಿಲು, ಪಾಚಿಗಳು ಉಳಿದ ಕೆಲಸವನ್ನು ಕೂಲಿಯಿಲ್ಲದೆ ಮಾಡುತ್ತವೆ.