ನಿಮಗಿದು ಗೊತ್ತೇ? ಹುರುಳಿಕಾಳು ರಕ್ತದ ಗುಂಪು ಗುರುತಿಸುತ್ತದೆ!

ಮನ್ನಾಏಖೇಳ್ಳಿ, ಹುಮನಾಬಾದ್ ಕಡೆ ಸಕ್ಕರೆ ಅಂದರೆ ಕಬ್ಬು ನೆನಪಾಗುತ್ತದೆ. ಆದರೆ ನಮ್ಮ ಮೈಯ ಒಂದೊಂದು ಜೀವಕೋಶದ ಹೊರಗೂ ಸಕ್ಕರೆಯ ಸರಪಳಿಗಳಿವೆ! ಎ ಮತ್ತು ಬಿ ಗುಂಪಿನ ರಕ್ತಕ್ಕೆ ಇರುವ ವ್ಯತ್ಯಾಸ ಆ ಸರಪಳಿಯ ತುದಿಯಲ್ಲಿರುವ ಒಂದೇ ಒಂದು ಸಕ್ಕರೆ. ಓ ಗುಂಪಿನಲ್ಲಿ ಆ ಜಾಗ ಖಾಲಿ.

ಎ ಗುಂಪಿನ ಆ ತುದಿಯ ಸಕ್ಕರೆಯನ್ನು ಗುರುತಿಸುವ ಪ್ರೋಟೀನು ಹುರುಳಿಯಲ್ಲಿದೆ. ಇಂಥವಕ್ಕೆ ಲೆಕ್ಟಿನ್ ಎಂದು ಹೆಸರು. ಹುರುಳಿಯ ರಸ ತಾಗಿದರೆ ಎ ಗುಂಪಿನ ಕೆಂಪು ರಕ್ತಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ ಎಂದು ವಿಜ್ಞಾನಿ ಜಿ.ಡಬ್ಲ್ಯು.ಜಿ. ಬರ್ಡ್ 1951ರಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಎ1, ಎ2 ಉಪಗುಂಪುಗಳನ್ನು ಬೇರ್ಪಡಿಸಲು ರಕ್ತನಿಧಿಗಳಲ್ಲಿ ಇಂದಿಗೂ ಹುರುಳಿಯ ಲೆಕ್ಟಿನ್ ಬಳಸುತ್ತಾರೆ. (ಹುರುಳಿ ಸಾರು ಉಣ್ಣುವವರು ಹೆದರಬೇಡಿ, ಚೆನ್ನಾಗಿ ಬೇಯಿಸಿದರೆ ಅದರ ಶಕ್ತಿ ಅಡಗುತ್ತದೆ.)

ಲೆಕ್ಟಿನ್ ಹಿಡಿಯುವುದು ಸಕ್ಕರೆಯನ್ನೇ ಎಂದು ಮೊದಲು ತೋರಿಸಿಕೊಟ್ಟದ್ದು ನಮ್ಮ ಕಬ್ಬಿನ ಸಕ್ಕರೆ! ಜ್ಯಾಕ್‌ಬೀನ್ ಕಾಳಿನ ಲೆಕ್ಟಿನ್ನಿಗೆ ಅದನ್ನು ಬೆರೆಸಿದರೆ ರಕ್ತಕಣಗಳು ಗಂಟಾಗುವುದೇ ನಿಲ್ಲುತ್ತದೆ ಎಂದು 1936ರಲ್ಲಿ ವಿಜ್ಞಾನಿಗಳಾದ ಸಮ್ನರ್ ಮತ್ತು ಹೊವೆಲ್ ಕಂಡುಕೊಂಡರು.

ಶೇಂಗಾ ಮತ್ತು ಹಲಸಿನ ಬೀಜದ ಲೆಕ್ಟಿನ್‌ಗಳ ಆಕಾರವನ್ನು 1990ರ ದಶಕದಲ್ಲಿ ಬಿಡಿಸಿ ತೋರಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್ ತಂಡ.

ಯಾವ ಲೆಕ್ಟಿನ್ ಯಾವ ಸಕ್ಕರೆಯನ್ನು ಹಿಡಿಯುತ್ತದೆ? ಒಂದೊಂದಾಗಿ ಪರೀಕ್ಷಿಸುತ್ತ ಕೂತರೆ ವರ್ಷಗಳೇ ಬೇಕು. 2002ರ ಹೊತ್ತಿಗೆ ಇದಕ್ಕೊಂದು ಸೊಗಸಾದ ಉಪಾಯ ಬಂತು, ಅದೇ ಸಕ್ಕರೆಯ ಮೈಕ್ರೋಅರೇ. ಸೂಕ್ಷ್ಮದರ್ಶಕಕ್ಕೆ ಇಡುವಂಥದೇ ಗಾಜಿನ ಪಟ್ಟಿ. ಅದಕ್ಕೆ ರಾಸಾಯನಿಕ ಲೇಪ. ಯಂತ್ರದ ಸೂಜಿ ನೂರಾರು ಬಗೆಯ ಸಕ್ಕರೆಗಳ ಚುಕ್ಕಿಗಳನ್ನು ಸಾಲಾಗಿ ಇಡುತ್ತದೆ, ಅಂಗಳದಲ್ಲಿ ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ. ಪ್ರತಿ ಸಕ್ಕರೆಗೂ ಮೊದಲೇ ಜೋಡಿಸಿದ ಒಂದು ಬಾಲವಿದ್ದು, ಅದು ಲೇಪಕ್ಕೆ ಕಚ್ಚಿಕೊಳ್ಳುತ್ತದೆ. ಮೇಲೆ ಹೊಳೆಯುವ ಬಣ್ಣ ಕಟ್ಟಿದ ಲೆಕ್ಟಿನ್ ಸುರಿದು ತೊಳೆದರೆ, ಹಿಡಿತ ಸಿಕ್ಕ ಚುಕ್ಕಿಗಳಷ್ಟೇ ಲೇಸರ್ ಬೆಳಕಿಗೆ ಮಿನುಗುತ್ತವೆ.

ಒಂಟಿ ಸಕ್ಕರೆಯ ಮೇಲೆ ಲೆಕ್ಟಿನ್ನಿನ ಹಿಡಿತ ಸಡಿಲ. ಚುಕ್ಕಿಯಲ್ಲಿ ಸಕ್ಕರೆಗಳು ಒತ್ತೊತ್ತಾಗಿ ನಿಲ್ಲುವುದರಿಂದ, ಜೀವಕೋಶದ ಮೇಲಿನಂತೆಯೇ ಹಿಡಿತ ಬಿಗಿಯಾಗುತ್ತದೆ. ಶಕ್ತಿಯೆಲ್ಲ ಒಗ್ಗಟ್ಟಿನದು!

ವೈರಸ್ಸುಗಳೂ ಜೀವಕೋಶದ ಸಕ್ಕರೆಯನ್ನು ಹಿಡಿಯುವುದುಂಟು. ಹಕ್ಕಿಜ್ವರದ ವೈರಸ್ಸು ಮನುಷ್ಯನ ಗಂಟಲಿನ ಸಕ್ಕರೆಗೆ ಒಗ್ಗಿಕೊಂಡಿದೆಯೇ ಎಂದು ಪರೀಕ್ಷಿಸುವುದೂ ಇಂಥದೇ ಪಟ್ಟಿಯ ಮೇಲೆ.

ಬೀದರ್ ಸೀಮೆಯ ರೈತರೇ, ಜೋಳದ ದಂಟನ್ನು ಒಳಗೊಳಗೇ ಇದ್ದಿಲಿನಂತೆ ಕಪ್ಪಾಗಿಸುವ, ಕಡಲೆಯ ಬೇರು ಕೊಳೆಸುವ ರೈಜೋಕ್ಟೋನಿಯಾ ಬಟಾಟಿಕೋಲಾ ಶಿಲೀಂಧ್ರ ಗೊತ್ತಲ್ಲ? ಅದರಲ್ಲೂ ಲೆಕ್ಟಿನ್ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಬೇರ್ಪಡಿಸಿ, ಇಂಥದೇ ಚುಕ್ಕಿಪಟ್ಟಿಯ ಮೇಲೆ ಪರೀಕ್ಷಿಸಿ, ಅದು ಹಿಡಿಯುವ ಸಕ್ಕರೆ ಸರಪಳಿಗಳನ್ನು 2010ರಲ್ಲಿ ಪ್ರಕಟಿಸಿದ್ದಾರೆ.